ಒಂದು ಮಿಲಿಮೀಟರ್ ಹಿತ್ತಾಳೆ

ನವೆಂಬರಿನ ಮಂಗಳವಾರ. ಲಾನ್ ನದಿಯ ಮಂಜು
ವೆಟ್ಸ್‌ಲಾರಿನ ನನ್ನ ಅಂಗಡಿ ಗಾಜಿಗೆ ಮೂಗು ಒತ್ತಿ ನಿಂತಿತ್ತು.
ಇರ್ಮ್‌ಹಿಲ್ಡ್ ಡಾನೆವಿಟ್ಸ್ ಒಳಬಂದು
ಉಣ್ಣೆಯ ಕಾಲುಚೀಲದಿಂದ ಹೊರತೆಗೆದರು
ಕಪ್ಪು ಪೆಟ್ಟಿಗೆಯೊಂದನ್ನು: ಒಳಗೆ ಓರೆ ಕನ್ನಡಿ,
ನೆತ್ತಿಯ ಮೇಲೆ ಬಗ್ಗಿ ನೋಡುವ ಭೂತಗಾಜು,
ಪಕ್ಕದಲ್ಲಿ ಮುರಿದು ಕೂಡಿದ ಮೊಣಕೈಯಂಥ ಸನ್ನೆ.
ಗೀಸೆನ್ನಿನ ಹಳೇಸಾಮಾನು ಸಂತೆಯಲ್ಲಿ ನಲವತ್ತು ಯೂರೋ;
ಚೌಕಾಸಿ ಮಾಡಲು ನಾಚಿಕೆಯಾಯಿತಂತೆ.

ಇನ್ನೊಂದು ಕಾಲುಚೀಲದಲ್ಲಿ ತೀರಿಹೋದ ಅಕ್ಕನ ರೇಂಜ್‌ಫೈಂಡರ್.
"ಮದುವೆ, ಮುಷ್ಕರ, ಹಡಗು, ಎಲ್ಲ ತೆಗೆದಳು ಇದರಲ್ಲಿ.
ನನಗೆ ಬೇಕಾದದ್ದು ಕಲ್ಲುಹೂವು.
ಒಂದೂವರೆ ಮೊಳಕ್ಕಿಂತ ಹತ್ತಿರ ಹೋದರೆ
ಇದು ಕೈಚೆಲ್ಲಿ ಕೂರುತ್ತದೆ."

ಗೊತ್ತು. ಈ ಜಾತಿ
ಲೆನ್ಸಿನ ಕಣ್ಣಲ್ಲಿ ನೋಡುವುದಿಲ್ಲ,
ಪಕ್ಕದ ಮನೆಯ ಕಿಟಕಿಯಿಂದ ನೋಡುತ್ತದೆ.
ದೂರದ ಬೆಟ್ಟಕ್ಕೆ ಎರಡು ಕಿಟಕಿಯೂ ಒಂದೇ,
ಮೂಗಿನಡಿಯ ಹೂವಿಗೆ ಹಾಗಲ್ಲ:
ದಳ ಹಿಡಿದೆ ಎಂದುಕೊಂಡರೆ
ಚಿತ್ರದಲ್ಲಿ ಬರಿ ತೊಟ್ಟು.

ಪೆಟ್ಟಿಗೆಯ ಬೆನ್ನಿಗೆ ತಿರುಪು, ಕ್ಯಾಮೆರಾದ ಬಾಯಿಗೆ ಬಯೊನೆಟ್.
ಎರಡು ತಲೆಮಾರು, ಮಾತುಕತೆಯಿಲ್ಲ.
ನಡುವೆ ಬೇಕು ಒಂದು ಮಿಲಿಮೀಟರ್ ದಪ್ಪದ ಉಂಗುರ,
ಕೂದಲೆಳೆ ಹೆಚ್ಚಾದರೂ
ಗಾಜು ಹೇಳುವುದೊಂದು, ಫಿಲ್ಮು ಕೇಳುವುದಿನ್ನೊಂದು.

ಲೇತಿಗೆ ಹಿತ್ತಾಳೆ ಕಟ್ಟಿದೆ.
ಹೊಂಬಣ್ಣದ ಸುರುಳಿಗಳು ಶೂಗಳೊಳಗೆ ಇಳಿದವು.
ಮೊದಲನೆಯದು ಕೆಟ್ಟಿತು. ಎರಡನೆಯದನ್ನು ನಾನೇ ಕೆಡಿಸಿದೆ,
ಫೋನು ಬಂತೆಂದು.
ಮೂರನೆಯದು ಕೂತಿತು,
ಗಂಟಲು ಸರಿಮಾಡಿಕೊಂಡಷ್ಟೇ ಸದ್ದು.
ಸನ್ನೆಯ ತುದಿ ಮಾತ್ರ ಶಟರ್ ಗುಂಡಿಗೆ ಎಟುಕದೆ
ಗಾಳಿಯನ್ನೇ ಒತ್ತುತ್ತಿತ್ತು; ಅದಕ್ಕೊಂದು ಸಣ್ಣ ಟೋಪಿ ಅರೆದು ತೊಡಿಸಿದೆ.

ನೋಡಿದೆ: ಉಜ್ಜುಗಾಜಿನ ಮೇಲೆ ನನ್ನದೇ ಹೆಬ್ಬೆರಳು,
ಗೆರೆಗೆರೆ ಉತ್ತ ಹೊಲ, ಒಂದು ಗಾಯ, ಯಾವ ಕಾಲದ್ದೋ.
ಎಡ ಬಲವಾಗಿದೆ, ಬಲ ಎಡ.
ಅಟ್ಟಿಸಿಕೊಂಡು ಹೋದಷ್ಟೂ ಬೆರಳು ದೂರ ಓಡುತ್ತದೆ.

"ಒಂದು ಮಾತು," ಎಂದೆ ಬಿಲ್ಲು ಬರೆಯುತ್ತಾ.
"ನಿಮ್ಮ ಅಕ್ಕನ ಕಿಟಕಿ ಓರೆಯಿಂದ ನೋಡಿದರೂ
ಚಿತ್ರ ಬೀಳುವ ಕ್ಷಣವನ್ನು ನೋಡುತ್ತಿತ್ತು.
ಈ ಕನ್ನಡಿ ನೇರ ನೋಡುತ್ತದೆ, ಕೊನೆಯವರೆಗೂ;
ಆ ಒಂದು ಕ್ಷಣಕ್ಕೆ ಮಾತ್ರ ಎದ್ದು ಹೋಗುತ್ತದೆ.
ಆಗ ನಿಮಗೆ ಕತ್ತಲೆ."

ಅವರೇನೂ ಹೇಳಲಿಲ್ಲ. ಕಾಲುಚೀಲಕ್ಕೆ ಗಂಟು ಹಾಕಿದರು.

ಫೆಬ್ರವರಿಯಲ್ಲಿ ಮತ್ತೆ ಬಂದರು, ಮೂವತ್ತಾರು ಚಿತ್ರ ಹೊತ್ತು.
ಸ್ಮಶಾನದ ಗೋಡೆಯ ಕಿತ್ತಳೆ ಕಲ್ಲುಹೂವು,
ಬಟ್ಟಲು ಬಟ್ಟಲಾಗಿ, ಯಾರೂ ಉಣ್ಣದ ಪಂಕ್ತಿ.
ಮೂವತ್ತು ಮಸುಕು. ಐದು ಪರವಾಗಿಲ್ಲ.
ಒಂದರ ಅಂಚಿನಲ್ಲಿ
ಗುಂಡುಸೂಜಿ ತಲೆಯಷ್ಟೂ ಇಲ್ಲದ ಕೆಂಪು ನುಸಿ,
ಕಾಲೊಂದನ್ನು ಎತ್ತಿ, ಇಡಲೋ ಬೇಡವೋ ಎಂಬಂತೆ.

"ಇದು ಇರಲಿಲ್ಲ," ಎಂದರು.
"ಅರ್ಧ ಗಂಟೆ ಬಗ್ಗಿ ನೋಡಿದ್ದೇನೆ, ಸೊಂಟ ಸಾಕ್ಷಿ.
ಕನ್ನಡಿ ಏಳುವವರೆಗೆ ಇರಲಿಲ್ಲ,
ಇಳಿದ ಮೇಲೆ ನೋಡಿದರೂ ಇರಲಿಲ್ಲ."

ನಾನು ಲೂಪು ಹಿಡಿದು ಬಹಳ ಹೊತ್ತು ಕೂತೆ.
ಹೊರಗೆ ಬಸ್ಸೊಂದು ಬಂದು ಹೋಯಿತು, ಅವರದೇ ಇರಬೇಕು.

ಆಮೇಲೆ ಅವರು ಪೆಟ್ಟಿಗೆಯನ್ನು ಮೇಜಿನ ಮೇಲಿಟ್ಟು,
ಬಾಕಿ ವಸೂಲಿಗೆ ಬಂದವರಂತೆ:
"ನಿಮ್ಮ ಉಂಗುರ
ಚೂರು ಅಲುಗಾಡುತ್ತದೆ."