ಕೋಷ್ಟಕ ಮೂರು

ನಾಗರಭಾವಿಯ ಎರಡನೇ ಮಹಡಿ, ರಾತ್ರಿ ಒಂಬತ್ತೂವರೆ.
ಲೆಕ್ಕವೆಲ್ಲ ಮುಗಿದಿದೆ, ಉಳಿದದ್ದು ಅಲಂಕಾರ.
ತಂತ್ರಾಂಶ ಕಕ್ಕಿದ ಅಂಕಿ ತೆರೆಯ ತುಂಬ:
ಮೈನಸ್ಸು ಸೊನ್ನೆ ಬಿಂದು ಸೊನ್ನೆ ಒಂದು ಎರಡು ನಾಲ್ಕು ಏಳು ಒಂಬತ್ತು ಆರು.
ಇಷ್ಟುದ್ದದ ಸತ್ಯ ಯಾರಿಗೂ ಬೇಡ.
ಮೂರು ಸ್ಥಾನ ಸಾಕು, ಮಿಕ್ಕದ್ದು ಕತ್ತರಿಸು
ಅಂದಿದ್ದಾರೆ ಹೊಸಕೇರಿ ಮೇಷ್ಟ್ರು.

ರಿಗ್ರೆಶನ್ನಿಗೆ ಕನ್ನಡದಲ್ಲಿ ಹಿಂಜರಿತ ಅಂದವರು ಯಾರೋ, ಪುಣ್ಯಾತ್ಮರು.
ಗುಣಾಂಕ ಮೇಲೆ,
ಅದರ ಹಿಂಜರಿಕೆ ಕೆಳಗೆ, ಆವರಣದೊಳಗೆ.
(ನಮ್ಮ ಮನೆಯಲ್ಲೂ ಹೀಗೇ.
ಅಪ್ಪ ಹೇಳಿದ್ದು ಮೇಲೆ,
ಅಮ್ಮನ 'ನೋಡೋಣ' ಕೆಳಗೆ, ಸಣ್ಣಕ್ಷರದಲ್ಲಿ.)

ಚಲಕಗಳ ಹೆಸರು ಬದಲಿಸಬೇಕು.
ಯಂತ್ರಕ್ಕೆ ಅದು ಬಸ್_ನಿಮಿ,
ಪತ್ರಿಕೆಗೆ 'ಪ್ರಯಾಣದ ಅವಧಿ, ನಿಮಿಷಗಳಲ್ಲಿ'.
ಪೀಣ್ಯದ ಎರಡನೇ ಹಂತಕ್ಕೆ ದಿನಾ ನಿಂತೇ ಬರುವ ಚಿಕ್ಕತಾಯಮ್ಮ
ಅದಕ್ಕಿಟ್ಟ ಹೆಸರು ಬೇರೆ.
ಅಚ್ಚು ಹಾಕುವಂಥದ್ದಲ್ಲ.

ದಶಮಾಂಶದ ಚುಕ್ಕಿಗಳು ಸಾಲಾಗಿ ನಿಲ್ಲವು.
ಮೈನಸ್ಸು ಬಂದಲ್ಲೆಲ್ಲ ಅಂಕಿ ಒಂದು ಹೆಜ್ಜೆ ಬಲಕ್ಕೆ ಸರಿದು
ಹಲ್ಲುಬ್ಬಿನ ನಗೆಯ ಹಾಗೆ.
ಮೂರು ಸಲ ಆಜ್ಞೆ ತಿದ್ದಿದೆ, ನಾಲ್ಕನೆಯದಕ್ಕೆ ಅವಳ ನೆನಪು.
ಗಂಟೆಗೆ ಎಂಬತ್ತು ಅಂಗಿ, ಅಂಗಿಗೆ ಏಳು ಗುಂಡಿ:
'ಒಂದು ನೂಲು ಆಚೀಚೆ ಆದ್ರೂ ವಾಪಸ್ ಎಸೀತಾರೆ ಕಣವ್ವ.
ಹಾಕ್ಕೊಳ್ಳೋನು ನೋಡಿದ್ರೆ ಮೇಲಿನ ಗುಂಡಿ ಹಾಕೋದೇ ಇಲ್ಲ.'

ಈಗ ನಕ್ಷತ್ರ ಹಚ್ಚುವ ಹೊತ್ತು.
ಶೇಕಡ ಒಂದಕ್ಕೆ ಮೂರು, ಐದಕ್ಕೆ ಎರಡು, ಹತ್ತಕ್ಕೆ ಒಂಟಿ.
ಈ ಊರ ಆಕಾಶಕ್ಕಿಂತ ನನ್ನ ಕಾಗದದಲ್ಲೇ ಜಾಸ್ತಿ.
ನಿನ್ನೆಯವರೆಗೂ ಬಸ್ಸಿಗೆ ಎರಡಿದ್ದವು.
ಫಿರ್ದೋಸ್ ಹೇಳಿದಳು: ಒಂದೇ ಕಾರ್ಖಾನೆಯವರು, ಒಂದೇ ಬಸ್ಸಿನವರು,
ಅವರ ದಣಿವು ಒಂದಕ್ಕೊಂದು ಅಂಟಿರುತ್ತೆ,
ಬಿಡಿಬಿಡಿಯಾಗಿ ಎಣಿಸಿದರೆ ಮೋಸ, ಗುಂಪಿನಲ್ಲಿ ಎಣಿಸು.
ಎಣಿಸಿದೆ.
ಆವರಣದೊಳಗಿನ ಸಂಖ್ಯೆ ಅಕ್ಕಿಯ ಹಾಗೆ ಅರಳಿ
ಎರಡೂ ನಕ್ಷತ್ರ ಉದುರಿದವು.
ಗುಣಾಂಕ ಮಾತ್ರ ಕೂತಲ್ಲೇ ಕೂತಿದೆ:
ಬಸ್ಸಿನ ಒಂದೊಂದು ನಿಮಿಷಕ್ಕೆ
ನಿದ್ದೆಯಿಂದ ಮುಕ್ಕಾಲು ನಿಮಿಷ.
ಇನ್ನು ಅದರ ಬಗ್ಗೆ ನಾವು ಒಂದು ವಾಕ್ಯ ಬರೆಯುವಂತಿಲ್ಲ.

ಕಟ್ಟಕಡೆಗೆ ಸ್ಥಿರಾಂಕ.
'ಅದನ್ಯಾರೂ ಓದಲ್ಲ, ಜಾಗ ಉಳಿಸು' — ಮೇಷ್ಟ್ರ ಕೆಂಪು ಗೀಟು.
ಬಸ್ಸು ಸೊನ್ನೆ, ಮಕ್ಕಳು ಸೊನ್ನೆ, ಸಂಘದ ಸಾಲ ಸೊನ್ನೆ,
ಓವರ್‌ಟೈಮ್ ಸೊನ್ನೆ, ನೀರು ಬರುವ ನಡುರಾತ್ರಿ ಸೊನ್ನೆ,
ಆಗಲೂ ಉಳಿಯುವವಳು ಒಬ್ಬಳು.
ನಾವು ಮಾತಾಡಿಸಿದ ನಾನೂರ ಹನ್ನೆರಡರಲ್ಲಿ ಅವಳಿಲ್ಲ.
ಪ್ರಶ್ನಾವಳಿ ಹಿಡಿದು ಯಾವ ಶೆಡ್ಡಿನ ಮುಂದೆ ನಿಂತರೂ
ಬಾಗಿಲು ತೆರೆದದ್ದು ಅವಳಲ್ಲ.
ಆದರೂ ಎಷ್ಟು ಹೊತ್ತು ಮಲಗುತ್ತಾಳೆಂದು ಗೊತ್ತಿದೆ ನನಗೆ,
ಮೂರು ದಶಮಾಂಶದವರೆಗೆ:
ಏಳು ಬಿಂದು ಮೂರು ಒಂಬತ್ತು ಎರಡು ಗಂಟೆ.

ಆ ಸಾಲಿನ ಮೇಲೆ ಬೆರಳಿಟ್ಟು ಸುಮ್ಮನೆ ಕೂತೆ.
ಅಳಿಸಲಿಲ್ಲ.
ಕೆಳಗೊಂದು ಗೆರೆ ಎಳೆದು, ಟಿಪ್ಪಣಿ ಸೇರಿಸಿ
ಕಡತಕ್ಕೆ ಹೆಸರಿಟ್ಟೆ:
ಕೋಷ್ಟಕ೩_ಅಂತಿಮ_ನಿಜಕ್ಕೂ_ಅಂತಿಮ_೪.

ಕೊನೆ ಬಸ್ಸು ಹತ್ತು ಹತ್ತಕ್ಕೆ.
ಮನೆಗೆ ನಲವತ್ತೆಂಟು ನಿಮಿಷ.
ಹಾಗಾದರೆ ಮೂವತ್ತಾರು ಹೋಯಿತು.
(ಇರಬಹುದು.)