ಹಲಗೆಯ ಅಡಿಯ ಲೆಕ್ಕ

ಉಮ್ಮ್ ಅಲ್ ಖುವೈನಿನ ಹಳೆ ಧಕ್ಕೆಯಲ್ಲಿ
ಎಂಟು ಬೇಸಿಗೆ ಬೀಗ ಹಾಕಿಕೊಂಡು ನಿಂತ ದೋಣಿ.
ಖಲ್ಫಾನ್ ಸಾಹೇಬರು ಕಾರಿನಿಂದ ಇಳಿಯಲಿಲ್ಲ.
ಗಾಜು ನಾಲ್ಕು ಬೆರಳು ಇಳಿಸಿ ಕೀಲಿಕೈ ಕೊಟ್ಟರು:
ಒಳಗೆ ಏನು ಉಳಿದಿದೆಯೋ ನೋಡಿ ಹೇಳು.

ಮರಳುಗಾಡಿನಲ್ಲಿ ಬೂಷ್ಟು ಹಿಡಿಯುತ್ತದೆಂದರೆ
ಊರಲ್ಲಿ ಯಾರೂ ನಂಬುವುದಿಲ್ಲ.
ಅದಕ್ಕೆ ಮಳೆ ಬೇಕಿಲ್ಲ. ಮುಚ್ಚಿದ ಬಾಗಿಲು ಸಾಕು,
ಸೆಪ್ಟೆಂಬರಿನ ಬೆವರುವ ಗಾಳಿ ಸಾಕು.

ಮೆತ್ತೆಯ ತುಂಬ ಕಪ್ಪು ಚುಕ್ಕೆ,
ಹೊಲಿಗೆಯುದ್ದಕ್ಕೂ ಹಸಿರು ಅಂಚು,
ಚಾವಣಿಯ ಬಟ್ಟೆ ಜೋತು
ಮುದಿ ಎತ್ತಿನ ಗಂಗೆದೊಗಲು.
ಫೋಮು ಒತ್ತಿದರೆ ಕಂದು ನೀರು ಉಗುಳಿತು.
ಟಾರ್ಚು ಹಿಡಿದ ಬಂಗಾಳದ ಹುಡುಗ ಶೊಹಾಗ್
ಏಳು ಸಲ ಸೀನಿ, ಎಂಟನೆಯದಕ್ಕೆ ಹೊರಗೋಡಿದ.

ನಾನು ಖಾರ್ವಿ ಕೇರಿಯವನೇ,
ಆದರೆ ಕಡಲಿಗೆ ಇಳಿದವನಲ್ಲ.
ಗಂಗೊಳ್ಳಿಯಲ್ಲಿ ಅಣ್ಣಂದಿರು ಬಲೆ ಎಳೆಯುವಾಗ
ನಾನು ಬಸ್ಸಿನ ಸೀಟು ಹೊಲಿಯುತ್ತಿದ್ದೆ.
ಕಟ್ಟಿ ಹಾಕಿದ ದೋಣಿ ತುಸು ವಾಲಿದರೂ ಹೊಟ್ಟೆ ತೊಳಸುತ್ತದೆ.
ಕಣ್ಣು ಹೊಲಿಗೆ ಬಿಟ್ಟು ಕದಲಬಾರದು, ಅಷ್ಟೇ ಮದ್ದು.

ಮೊದಲು ಗಾಳಿ. ಎರಡು ದಿನ ಎಲ್ಲ ತೆರೆದಿಟ್ಟು ಫ್ಯಾನು.
ಆಮೇಲೆ ವಿನೆಗರ್, ಸಮಸಮ ನೀರು ಬೆರೆಸಿ.
ಬ್ಲೀಚು ಬೇಡ ಶೊಹಾಗ್,
ಅದು ಕಲೆಯ ಬಣ್ಣವನ್ನಷ್ಟೇ ತೆಗೆಯುತ್ತದೆ,
ಬೇರು ಮರದೊಳಗೆ ಕೂತು ನಗುತ್ತಿರುತ್ತದೆ.
ಒಣಗಿದ್ದನ್ನು ಉಜ್ಜಬೇಡ, ಹಾರಿ ಎದೆಗೆ ಹೋಗುತ್ತದೆ.
ಒರೆಸು. ಬಟ್ಟೆ ಬದಲಿಸು. ಮತ್ತೆ ಒರೆಸು.
ಹಿತ್ತಾಳೆಯ ಜಿಪ್ಪುಗಳು ಹಲ್ಲು ಕಚ್ಚಿ ಕೂತಿದ್ದವು,
ಬ್ಲೇಡು ಹಾಕಿ ಬಾಯಿ ಬಿಡಿಸಿದೆ.

ಮೂರನೆಯ ದಿನ, ಮೂಲೆಯ ಮೆತ್ತೆ ಎತ್ತಿ
ಪ್ಲೈವುಡ್ ಹಲಗೆ ಮಗುಚಿದಾಗ
ಪೆನ್ಸಿಲಿನಲ್ಲಿ, ಓರೆಯಾಗಿ, ಒತ್ತಿ ಬರೆದದ್ದು:
ಎಡ ೨೨ ಮುಕ್ಕಾಲು. ಬಲ ೨೩. ಮೂಲೆ ಸೊಟ್ಟ, ಜಾಗ್ರತೆ.
ಅದರ ಕೆಳಗೆ ಸಣ್ಣಕ್ಷರ:
ಚಹಾ ಬಾಕಿ ೬. ಬಶೀರನಿಗೆ ೪೦. ದಾರ ಸಾಲದು.

ಟಾರ್ಚು ಇತ್ತ ತಾ, ಎಂದೆ.
ಅರಬ್ಬಿಯಾ ಅಣ್ಣಾ? ಕೇಳಿದ ಹುಡುಗ.
ಅಲ್ಲ, ಎಂದೆ. ಅಷ್ಟೇ ಹೊರಟಿತು ಬಾಯಿಂದ.
ಮೂರರ ಬಾಲವನ್ನು ಅವನು
ಅಗತ್ಯಕ್ಕಿಂತ ಒಂದು ಸುತ್ತು ಹೆಚ್ಚು ಸುತ್ತಿದ್ದ.

ಸಂಜೆ ಧಕ್ಕೆಯಲ್ಲೆಲ್ಲ ಕೇಳಿದೆ:
ಇಂಜಿನ್ನಿನವನನ್ನು, ಕಾವಲುಗಾರನನ್ನು.
ಸಾಹೇಬರಿಗೂ ಫೋನು ಮಾಡಿದೆ.
ಹೊಲಿದವನೋ? ತೆಳ್ಳಗಿದ್ದ. ನನ್ನ ತಮ್ಮ ಕರೆತಂದಿದ್ದ...
ಎಂದವರು ಸುಮ್ಮನಾದರು.
ತಮ್ಮ ಎಂಬ ಮಾತು ಅವರ ಬಾಯಲ್ಲಿ ಅದೇ ಮೊದಲು.

ಕ್ಯಾಫೆಟೀರಿಯದ ಹುಡುಗ ನಕ್ಕ:
ಅಂಗಡಿ ಮೂರು ಕೈ ದಾಟಿದೆ, ಯಾವ ಬಾಕಿ?
ಆದರೂ ಆರು ದಿರ್ಹಮ್ ಎಣಿಸಿ ಗಲ್ಲಾದ ಮೇಲಿಟ್ಟೆ.
ಅವನೂ ಎಣಿಸಿ, ಆರು ಚಹಾ ತಂದಿಟ್ಟ.
ಶೊಹಾಗ್ ಮೂರು ಕುಡಿದ.
ಬಶೀರನ ನಲವತ್ತು ಹಾಗೇ ಇದೆ.

ಹೊಸ ಫೋಮು ಅವನ ಅಳತೆಗೇ ಕತ್ತರಿಸಿದೆ.
ಕೂರಲಿಲ್ಲ. ಮರ ಉಬ್ಬಿ ಗೋಡೆ ಒಳಸರಿದಿದೆ.
ಕಾಲಿಂಚು ತೆಗೆದೆ.
ಮೂಲೆ ಮಾತ್ರ ಅವನು ಹೇಳಿದಷ್ಟೇ ಸೊಟ್ಟ.

ಹಳೆ ಹಲಗೆ ಅಂಚಲ್ಲಿ ಪುಡಿಯಾಗುತ್ತಿತ್ತು, ಇಡುವಂತಿರಲಿಲ್ಲ.
ಹೊಸದರ ಅಡಿಗೆ ನಾನೂ ಬರೆದೆ:
ಎಡ ಇಪ್ಪತ್ತೆರಡೂವರೆ. ಮೂಲೆ ಸೊಟ್ಟ, ಜಾಗ್ರತೆ.
ಚಹಾ ತೀರಿತು. ದಾರ ಇದೆ.
ಹೆಸರು ಬರೆಯಲು ಹೋಗಿ ಬಿಟ್ಟೆ,
ಅವನೂ ಬರೆದಿರಲಿಲ್ಲವಲ್ಲ.

ಶುಕ್ರವಾರ ಸಾಹೇಬರು ಕಾರಿನಿಂದ ಇಳಿದರು.
ಚಪ್ಪಲಿ ಧಕ್ಕೆಯ ಮೇಲೆ ಬಿಟ್ಟು ಒಳಬಂದು
ನೇರ ಆ ಮೂಲೆಗೇ ಹೋಗಿ ಕೂತರು,
ಪಕ್ಕದಲ್ಲಿ ಒಬ್ಬನಿಗೆ ಜಾಗ ಬಿಟ್ಟು.
ಬಹಳ ಹೊತ್ತಿನ ಮೇಲೆ,
ವಿನೆಗರ್ ವಾಸನೆ, ಎಂದರು.

ಹೋಗುತ್ತದೆ ಸಾಹೇಬರೇ,
ಒಂದು ವಾರ ಬಾಗಿಲು ಮುಚ್ಚಬೇಡಿ.