ಸಾವಿರಕ್ಕೆ ಇಷ್ಟು

ನಮ್ಮ ಮನೆಯ ಲೆಕ್ಕ ರೂಪಾಯಿಯಲ್ಲಿ ನಡೆಯುವುದಿಲ್ಲ,
ಬೀಡಿಯಲ್ಲಿ.
ಗ್ಯಾಸ್ ಸಿಲಿಂಡರು ನಾಲ್ಕೂವರೆ ಸಾವಿರ ಬೀಡಿ,
ಅಜ್ಜಿಯ ಕನ್ನಡಕ ಆರು ಸಾವಿರ,
ನನ್ನ ಎಂ.ಎಸ್.ಡಬ್ಲ್ಯೂ.
ಐದು ಲಕ್ಷ ತೊಂಬತ್ತು ಸಾವಿರ.

ಬೆಳಗಾವಿಯ ಹಾಸ್ಟೆಲು, ಪರೀಕ್ಷಾ ಫೀ,
ಕ್ಷೇತ್ರಕಾರ್ಯಕ್ಕೆಂದು ವಾರಕ್ಕೆರಡು ದಿನ ವಡಗಾವಿಗೆ ಸಿಟಿ ಬಸ್ಸು.
ಆ ಎರಡು ದಿನ ಕಾಟನ್ ಸೀರೆ ಕಡ್ಡಾಯ,
ಬಡವರ ಓಣಿಗೆ ಸಾದಾ ಹೋಗಬೇಕಂತೆ.
ಆ ಸಾದಾ ಸೀರೆಗೆ ಮೂರು ಸಾವಿರ ಬೀಡಿ.

ಅವ್ವ ದಿನಕ್ಕೆ ಎಂಟುನೂರು ಕಟ್ಟುತ್ತಾಳೆ,
ಸಾವಿರಕ್ಕೆ ಇನ್ನೂರು.
ನಿಪ್ಪಾಣಿಯ ಬಸ್ಸಿನಲ್ಲಿ, ಟಿಕೆಟ್ಟಿನ ಹಿಂದೆ,
ಒಮ್ಮೆ ಭಾಗಿಸಿ ನೋಡಿದೆ:
ಎರಡು ವರ್ಷದ ಡಿಗ್ರಿಗೆ
ಒಂದು ದಿನವೂ ಕೈ ಬಿಡದೆ
ಎರಡು ವರ್ಷ, ಮೇಲೊಂದು ವಾರ.
ಆ ವಾರ ಎಲ್ಲಿ ಹೋಯಿತೆಂದು ನನಗೆ ಗೊತ್ತು:
ಪ್ರಬಂಧದ ಟೈಪಿಂಗು, ರೆಗ್ಜಿನ್ ರಟ್ಟು, ಬಂಗಾರದ ಬಣ್ಣದ ಅಕ್ಷರ.

ವಿಷಯ: ಬೀಡಿ ಕಟ್ಟುವ ಮಹಿಳೆಯರ ಆರೋಗ್ಯ ಸ್ಥಿತಿ.
ಅರವತ್ತು ಮಂದಿಯನ್ನು ಕೇಳಿದೆ.
ನಲವತ್ತೊಂದನೆಯವಳು ಅವ್ವ.
'ಬಿಡುವಿನ ವೇಳೆಯಲ್ಲಿ ಏನು ಮಾಡುತ್ತೀರಿ?'
ಬಹುವಚನದಲ್ಲೇ ಓದಿದೆ, ಹಾಗೆ ಕಲಿಸಿದ್ದರು.
ಕತ್ತರಿ ನಿಲ್ಲಿಸದೆ ಅಂದಳು:
'ನಿನ್ನ ಪ್ರಶ್ನಿಗೆ ಉತ್ತರ ಕೊಡತೀನಿ.'
ಅದಕ್ಕೆ ಕೋಡ್ ನಂಬರ್ ಇರಲಿಲ್ಲ.
'ಇತರೆ' ಎಂದು ಬರೆದುಕೊಂಡೆ.

ಈಗ ಕ್ಷಯರೋಗ ವಿಭಾಗದಲ್ಲಿ ಆಪ್ತಸಮಾಲೋಚಕಿ.
ಕೈಗೆ ಹದಿಮೂರು ಸಾವಿರದ ಆರುನೂರು,
ಬಂದ ತಿಂಗಳು.
ಸ್ಕೂಟಿಯ ಪೆಟ್ರೋಲು ನನ್ನದೇ.
ಅಕ್ಕೋಳದ ಮಾವನ ಮಗ ಒಂಬತ್ತನೇ ಫೇಲು,
ಜೆಸಿಬಿ ಓಡಿಸುತ್ತಾನೆ, ಇಪ್ಪತ್ತೆರಡು ಸಾವಿರ, ಮೇಲೆ ಭತ್ಯೆ.
'ಸಮಾಜ ಸೇವಾ ಮಾಡಾಕ ಡಿಗ್ರಿ ಯಾಕ ಬೇಕಿತ್ತ?'
ಮದುವೆ ಮನೆಯಲ್ಲಿ ಎಲೆಯ ಮುಂದೆ ಕೂತು ಕೇಳಿದ.
ಸೇವೆ ಅಲ್ಲ, ಕಾರ್ಯ, ಎಂದೆ.
ಅವನು ಹೋಳಿಗೆಗೆ ತುಪ್ಪ ಹಾಕಿಸಿಕೊಂಡ.

ಇರಲಿ. ಖೋತನ ಲೆಕ್ಕವೇ ಬೇರೆ.
ದತ್ತಾಜಿ ಖೋತ, ಬೀಡಿ ಕಾರ್ಖಾನೆಯ ಚೆಕ್ಕರ್ ಆಗಿದ್ದವ.
ಅವ್ವನ ಮೊರದಿಂದ ಮುಷ್ಟಿ ತುಂಬ ಎತ್ತಿ
ಹೆಬ್ಬೆರಳಿನಿಂದ ಒತ್ತಿ
'ಛಾಟ್' ಎಂದು ಪಕ್ಕಕ್ಕೆ ಎಸೆಯುತ್ತಿದ್ದ,
ಸಾವಿರಕ್ಕೆ ನಲವತ್ತು, ಕೆಲವು ದಿನ ಎಂಬತ್ತು.
ಎಸೆದದ್ದಕ್ಕೆ ಕೂಲಿಯಿಲ್ಲ,
ಎಸೆದದ್ದು ವಾಪಸ್ಸೂ ಇಲ್ಲ.
ಸೆರಗು ಹಿಡಿದು ನಿಂತಿರುತ್ತಿದ್ದೆ,
ನನ್ನ ಕಣ್ಣಿನ ಎತ್ತರಕ್ಕೆ ಅವನ ಬೆರಳು.

ಅವನ ಕಫದ ಡಬ್ಬಿಗೆ ಈಗ ನಾನು ಹೆಸರು ಬರೆಯುತ್ತೇನೆ.
ಮಂಗಳವಾರ ಅವನ ಮನೆ ಕಟ್ಟೆಯ ಮೇಲೆ ಕೂತು
ಮಾತ್ರೆಪಟ್ಟಿ ತಿರುವಿದರೆ
ಮೂರು ದಿನದ್ದು ಹಾಗೇ ಉಳಿದಿದೆ.
ಹೆಬ್ಬೆರಳಿನಿಂದ ಒತ್ತಿ ನೋಡಿದೆ.
ಅವನೂ ನನ್ನ ಬೆರಳನ್ನೇ ನೋಡುತ್ತಿದ್ದ.
ಒಂದು ಶಬ್ದ ನಾಲಿಗೆಯ ತುದಿಗೆ ಬಂತು,
ಇಪ್ಪತ್ತು ವರ್ಷ ಹಳೆಯದು.

'ತೀರ್ಪು ನೀಡದ ಮನೋಭಾವ':
ಎರಡನೆಯ ಪತ್ರಿಕೆ, ಹತ್ತು ಅಂಕದ ಪ್ರಶ್ನೆ,
ನನಗೆ ಏಳೂವರೆ ಬಂದಿತ್ತು.
'ಖಾಲಿ ಹೊಟ್ಟಿಗೆ ತಗೊಂಡ್ರ ವಾಂತಿ ಬರತೈತೇನ್ರಿ?' ಎಂದೆ.
ಬಹಳ ಹೊತ್ತು ಕೆಮ್ಮಿದ. ಹೌದೆಂದ.
ಆಮೇಲೆ, ನೆಲ ನೋಡುತ್ತ,
'ನೀ ಅಕ್ಕಾತಾಯಿ ಪೋರಿ ಅಲ್ಲೇನ?'

ರಾತ್ರಿ ಅವ್ವನಿಗೆ ಹೇಳಿದೆ.
ನಾಳಿನ ಎಲೆ ನೆನೆಹಾಕುತ್ತಿದ್ದಳು, ತಿರುಗಲಿಲ್ಲ.
'ಅವನ್ನ ಸಾಯಾಕ ಬಿಡಬ್ಯಾಡ,' ಅಂದಳು,
'ಇನ್ನೂ ಲೆಕ್ಕ ಬಾಕಿ ಐತಿ.'
ಸ್ವಲ್ಪ ತಡೆದು,
'ಪಗಾರ ಆತೇನ?'
ಆಗಿಲ್ಲ.

ಅವನ ಕಾರ್ಡಿನಲ್ಲಿ ನನ್ನ ಸಹಿ ಇದೆ,
ಮಂಗಳವಾರಕ್ಕೊಂದು.
ಮಾರ್ಚಿ ಮೂವತ್ತೊಂದಕ್ಕೆ ನನ್ನ ಕರಾರು ಮುಗಿಯುತ್ತದೆ.
ಖೋತನ ಮಾತ್ರೆ
ಮೇ ಹನ್ನೆರಡರವರೆಗೆ ಇವೆ.